ಮೂರು ಕಾಯಿಲೆಯ 1210: ಒಂದು ಮರದ ಲಾರಿಗೆ ಇಂಜಿನ್ ಸದ್ದು ಕೂರಿಸಿದ ಪ್ರಕರಣ

ದಾವಣಗೆರೆಯಲ್ಲಿರುವ ನಮ್ಮ ಸೋದರಮಾವ ಲಾರಿ ಓಡಿಸಿ ಬದುಕಿದವರು. ಸ್ಟೀರಿಂಗ್ ಬಿಟ್ಟ ಮೇಲೆ ಉಳಿ, ಗರಗಸ ಹಿಡಿದು ಒಂದು ಪುಟ್ಟ ಲಾರಿ ಕಟ್ಟಿದರು. ಟಾಟಾ 1210 ಎಸ್‌ಇ, 1:14 ಅಳತೆ. ರಿಮೋಟಿನಲ್ಲಿ ಓಡಬೇಕು, ಲೈಟು ಉರಿಯಬೇಕು, ಇಂಜಿನ್ ಸದ್ದು ಮಾಡಬೇಕು ಅನ್ನೋದು ಆಸೆ. ಮರಗೆಲಸ ಅವರದೇ. ವೈರಿಂಗ್ ಮಾಡಿಕೊಟ್ಟಿದ್ದು ಅವರ ಬೀದಿಯ ಒಬ್ಬ ಇಂಜಿನಿಯರಿಂಗ್ ಹುಡುಗ. ಓಡಿತು, ಉರಿಯಿತು, ಸದ್ದೂ ಬಂತು. ಆದರೆ ಬೆಂಗಳೂರಿನಲ್ಲಿ ನನ್ನ ಮೇಜಿಗೆ ಬಂದಾಗ ಲಾರಿಗೆ ಮೂರು ಕಾಯಿಲೆ ಇದ್ದವು.

ಒಂದು, ನಿಂತಲ್ಲೇ ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಇಂಜಿನ್ ಸದ್ದು ಪಟ್ಟನೆ ನಿಲ್ಲುತ್ತಿತ್ತು. ಒಂದೆರಡು ಕ್ಷಣ ಬಿಟ್ಟು ಸೆಲ್ಫ್ ಹೊಡೆದು ಮತ್ತೆ ಸ್ಟಾರ್ಟ್ ಆಗುತ್ತಿತ್ತು. ಎರಡು, ಲಾರಿ ಹೊರಟರೆ ಸ್ಪೀಕರಿನಲ್ಲಿ ಕೀ ಅನ್ನೋ ಸಣ್ಣ ಸದ್ದು, ವೇಗ ಏರಿದಂತೆ ಅದೂ ಏರುತ್ತಿತ್ತು. ಮೂರು, ಇಂಜಿನ್ ಸದ್ದಿನಲ್ಲಿ ತೂಕವೇ ಇರಲಿಲ್ಲ.

‘ಮೊದಲಿನ ಎರಡು ಹೆಂಗೋ ತಡ್ಕೋತೀನಿ ಅಳಿಯಾ, ಬ್ಯಾಟ್ರಿ ವೀಕ್ ಆದ ಲಾರಿ ಹಂಗೇ ಆಡ್ತಿತ್ತು. ಮೂರನೇದು ಆಗಲ್ಲ. ನಾನು ಓಡಿಸಿದ್ದು ಲಾರಿ, ಲೂನಾ ಅಲ್ಲ’ ಅಂದರು ಮಾವ.

ಹುಡುಗನಿಗೂ ಮಾವನಿಗೂ ಇದ್ದ ಗುಮಾನಿ ಒಂದೇ: ಸೌಂಡ್ ಬೋರ್ಡ್ ಚೆನ್ನಾಗಿಲ್ಲ, ಜಾಸ್ತಿ ದುಡ್ಡಿನದು ತರಬೇಕು. ಬೋರ್ಡಿಗೆ ಏನೂ ಆಗಿರಲಿಲ್ಲ. ಕೊನೆಗೂ ನಾವು ಅದನ್ನು ಬದಲಿಸಲಿಲ್ಲ. ಬದಲಾಗಿದ್ದು ಕರೆಂಟು ಹೋಗುವ ದಾರಿ ಮತ್ತು ಸ್ಪೀಕರಿನ ಹಿಂದಿನ ಗಾಳಿ.

ಲಾರಿಯ ಬಗ್ಗೆ ಸ್ವಲ್ಪ

ಟಾಟಾದವರು ಡೈಮ್ಲರ್-ಬೆಂಝ್ ಜೊತೆ ಸೇರಿ ಲಾರಿ ಮಾಡೋಕೆ ಶುರು ಮಾಡಿದ್ದು 1954ರಲ್ಲಿ. ಆ ಒಪ್ಪಂದ 1969ಕ್ಕೆ ಮುಗಿಯಿತು, ಮೂತಿಯ ಮೇಲಿನ ಮೂರು ಮೂಲೆಯ ನಕ್ಷತ್ರ ಹೋಗಿ ‘ಟಿ’ ಬಂತು. ಇಂಜಿನ್ ಮಾತ್ರ ಅದೇ ವಂಶದ್ದು. 697 ಅಂತ ಹೆಸರು, ಆರು ಸಿಲಿಂಡರ್, 97 ಮಿ.ಮೀ. ಬೋರ್, 128 ಮಿ.ಮೀ. ಸ್ಟ್ರೋಕ್, ಒಟ್ಟು 5,675 ಸಿಸಿ. ಟರ್ಬೊ ಇಲ್ಲ. 1210 ಅಂದರೆ 12 ಟನ್ನಿನ ಗಾಡಿ, ನೂರರ ಆಸುಪಾಸು ಅಶ್ವಶಕ್ತಿ. ಎಸ್‌ಇ ಅಂದರೆ ಇಂಜಿನ್ನಿನ ಅರ್ಧ ಭಾಗ ಮೂತಿಯಲ್ಲಿ, ಅರ್ಧ ಡ್ರೈವರ್ ಪಕ್ಕದಲ್ಲಿ. ಆ ಪಕ್ಕದ ಬಿಸಿಯ ಬಗ್ಗೆ ಹಳೇ ಡ್ರೈವರುಗಳನ್ನು ಕೇಳಬೇಕು, ಬಾಯಿ ತುಂಬ ಬೈಯುತ್ತಾರೆ.

ಆ ಕಾಲದ ಎಷ್ಟೋ ಲಾರಿಗಳಿಗೆ ಕಂಪನಿಯಿಂದ ಬರುತ್ತಿದ್ದುದು ಚಾಸಿ ಮತ್ತು ಮೂತಿ ಮಾತ್ರ. ಕ್ಯಾಬಿನ್ನೂ ಬಾಡಿಯೂ ಊರಿನ ಬಾಡಿ ಬಿಲ್ಡರ್ ಕೈಯಲ್ಲಿ, ಮರದಲ್ಲಿ. ಹಾಗಾಗಿ ಮಾವ ಮರದಲ್ಲಿ ಕಟ್ಟಿದ್ದು ಸರಿಯಾಗೇ ಇದೆ. ಪ್ಲಾಸ್ಟಿಕ್ ಕಿಟ್‌ನಲ್ಲಿ ಬರೋ ಯುರೋಪಿನ ಲಾರಿಗಳಿಗಿಂತ ಇದು ನಿಜಕ್ಕೆ ಹತ್ತಿರ ಅಂತ ನನಗನಿಸುತ್ತದೆ.

ಅಳತೆ 1:14 ಆಗಿದ್ದಕ್ಕೆ ಕಾರಣ ಸರಳ. ಜಪಾನಿನ ಟಮಿಯಾ 1993ರಲ್ಲಿ ಕಿಂಗ್ ಹಾಲರ್ ಅನ್ನೋ ಲಾರಿ ಕಿಟ್ ತಂದಾಗಿನಿಂದ ಈ ಅಳತೆಯ ಆಕ್ಸಲ್, ಚಕ್ರ, ಗೇರ್‌ಬಾಕ್ಸ್ ಬಿಡಿಬಿಡಿಯಾಗಿ ಸಿಗುತ್ತವೆ. ನಿಜವಾದ ಗಾಡಿಯ ವೀಲ್‌ಬೇಸ್ 4.2 ಮೀಟರ್, ಇಲ್ಲಿ 30 ಸೆಂ.ಮೀ. ಚಾಸಿಗೆ ಅಲ್ಯುಮಿನಿಯಂ ಚಾನಲ್. ಮೋಟಾರು 540 ಸೈಜಿನ ಬ್ರಷ್ಡ್, ಒಳಗೆ ತಂತಿಯ ಸುತ್ತು ಜಾಸ್ತಿ ಇರುವ ನಿಧಾನದ ಜಾತಿ. ನಿಧಾನದ್ದೇ ಬೇಕು. ರಸ್ತೆಯಲ್ಲಿ 40 ಕಿ.ಮೀ. ವೇಗ ಈ ಅಳತೆಗೆ ಇಳಿದರೆ ಗಂಟೆಗೆ 3 ಕಿ.ಮೀ. ಕೂಡ ಆಗಲ್ಲ. ಚಕ್ರ ನಿಮಿಷಕ್ಕೆ ಇನ್ನೂರು ಸುತ್ತು ತಿರುಗಿದರೆ ಸಾಕು. ರೇಸ್ ಕಾರಿನ ಮೋಟಾರು ಹಾಕಿದರೆ ಲಾರಿ ಇಲಿಯ ಹಾಗೆ ಓಡುತ್ತದೆ, ಆಮೇಲೆ ಯಾವ ಸದ್ದು ಕೂರಿಸಿದರೂ ನಂಬಿಕೆ ಬರಲ್ಲ.

ಟಮಿಯಾದ್ದೇ ಎಂಎಫ್‌ಸಿ ಅನ್ನೋ ಘಟಕ ಇದೆ. ಮೋಟಾರು, ಲೈಟು, ಸದ್ದು ಎಲ್ಲ ಒಂದೇ ಡಬ್ಬಿಯಲ್ಲಿ, ಜೊತೆಗೆ ಲಾರಿಯನ್ನು ಅದುರಿಸುವ ಒಂದು ತುಂಡು. ಒಳ್ಳೆಯ ಮಾಲು. ಆದರೆ ಅದರಲ್ಲಿ 697 ಇಲ್ಲ, ನಮ್ಮ ಲಾರಿ ಹಾರ್ನೂ ಇಲ್ಲ. ಹುಡುಗ ಸೌಂಡ್ ಬೋರ್ಡಿಗೆ ಆರಿಸಿದ್ದು ಇಎಸ್‌ಪಿ32 ಚಿಪ್ ಮೇಲೆ ನಡೆಯುವ ಒಂದು ಓಪನ್ ಸೋರ್ಸ್ ಯೋಜನೆ. ರಿಮೋಟಿನ ಮಾತು ಹಿಡಿಯುವ ರಿಸೀವರಿನಿಂದ ಬರುವ ಸಿಗ್ನಲ್ ಓದಿ, ಇಂಜಿನ್ನಿನ ವೇಗ ಲೆಕ್ಕ ಹಾಕಿ, ಅದಕ್ಕೆ ತಕ್ಕ ಸದ್ದು ನುಡಿಸುತ್ತದೆ. ನಮ್ಮದೇ ರೆಕಾರ್ಡಿಂಗ್ ಹಾಕಬಹುದು. ಆ ಆಯ್ಕೆ ಸರಿಯಾಗಿಯೇ ಇತ್ತು.

ಮೊದಲ ಕಾಯಿಲೆ: ತಿರುಗಿಸಿದರೆ ಆಫ್

ಲಾರಿಯಲ್ಲಿದ್ದ ಬ್ಯಾಟರಿ ಎರಡು ಸೆಲ್ಲಿನ ಲೈಪೊ (ಲಿಥಿಯಂ ಪಾಲಿಮರ್), 7.4 ವೋಲ್ಟ್. ಅದರಿಂದ ಇಎಸ್‌ಸಿಗೆ, ಅಂದರೆ ಮೋಟಾರಿನ ವೇಗ ನಡೆಸುವ ಡಬ್ಬಿಗೆ. ಆ ಡಬ್ಬಿಯೊಳಗೇ ಬಿಇಸಿ ಅನ್ನೋ ಸಣ್ಣ ಸಪ್ಲೈ ಇರುತ್ತದೆ. ಇದರಲ್ಲಿ 6 ವೋಲ್ಟ್, 2 ಆಂಪಿಯರ್. ಹುಡುಗ ರಿಸೀವರ್, ಸ್ಟೀರಿಂಗ್ ಸರ್ವೊ (ಚಕ್ರ ತಿರುಗಿಸುವ ಪುಟ್ಟ ಮೋಟಾರು), ಇಎಸ್‌ಪಿ32, ಆಂಪ್ಲಿಫೈಯರ್, ಲೈಟು ಎಲ್ಲವನ್ನೂ ಈ ಒಂದೇ ಬಾಲಕ್ಕೆ ಕಟ್ಟಿದ್ದ. ಹೊಸಬರು ಬಹುತೇಕ ಹೀಗೇ ಮಾಡುತ್ತಾರೆ, ಯಾಕೆಂದರೆ ಮೇಜಿನ ಮೇಲೆ ಎಲ್ಲ ಸರಿಯಾಗೇ ನಡೆಯುತ್ತದೆ.

ಮಜಾ ಏನೆಂದರೆ, ಲ್ಯಾಪ್‌ಟಾಪಿಗೆ ಯುಎಸ್‌ಬಿ ಜೋಡಿಸಿ ನೋಡಿದಾಗ ಕಾಯಿಲೆ ಮಾಯ. ಎಷ್ಟು ತಿರುಗಿಸಿದರೂ ಇಂಜಿನ್ ನಿಲ್ಲಲಿಲ್ಲ. ಕೇಬಲ್ ಕಿತ್ತರೆ ಮತ್ತೆ ಶುರು. ಸುಳಿವು ಅಲ್ಲೇ ಇತ್ತು: ಯುಎಸ್‌ಬಿ ಕೇಬಲ್ ಮಾಹಿತಿ ಒಯ್ಯುವ ಜೊತೆಗೆ 5 ವೋಲ್ಟ್ ಕೂಡ ಕೊಡುತ್ತದೆ. ಖಾತ್ರಿಗೆ ಬೋರ್ಡಿನಿಂದ ಮಾಹಿತಿ ಹೊರಬರುವ ಟಿಎಕ್ಸ್ ಪಿನ್ ಮತ್ತು ಗ್ರೌಂಡ್ ಎರಡನ್ನೇ, 5 ವೋಲ್ಟ್ ಬಿಟ್ಟು, ಸೀರಿಯಲ್ ಅಡಾಪ್ಟರಿನ ಮೂಲಕ ಲ್ಯಾಪ್‌ಟಾಪಿಗೆ ಕೊಟ್ಟು ನೋಡಿದೆ. ಸ್ಟೀರಿಂಗ್ ತಿರುಗಿಸಿದ ಕೂಡಲೇ ‘ಬ್ರೌನ್‌ಔಟ್ ಡಿಟೆಕ್ಟರ್ ವಾಸ್ ಟ್ರಿಗರ್ಡ್’ ಅನ್ನೋ ಸಾಲು ಪರದೆಗೆ ಬಂತು. ವೋಲ್ಟೇಜ್ ಕುಸಿದು ಚಿಪ್ ತಾನಾಗೇ ರೀಸೆಟ್ ಆಗುತ್ತಿದೆ ಅಂತ ಅರ್ಥ. ಮಲ್ಟಿಮೀಟರಿನಲ್ಲಿ ಇದು ಕಾಣಲ್ಲ. ಕುಸಿತ ಕಣ್ಣು ಮಿಟುಕಿಸುವಷ್ಟು ಹೊತ್ತೂ ಇರಲ್ಲ, ಮೀಟರ್ ಅಷ್ಟರೊಳಗೆ ಸರಾಸರಿ ತೋರಿಸಿ ಸುಮ್ಮನಾಗುತ್ತದೆ.

ಕುಸಿಯೋದು ಯಾಕೆ? ಲಾರಿ ನಿಂತಾಗ ಚಕ್ರ ತಿರುಗಿಸೋಕೆ ಟೈರನ್ನು ನೆಲಕ್ಕೆ ಉಜ್ಜಬೇಕು. ಸರ್ವೊ ಕೊನೆಗೆ ತಲುಪಿದಾಗ ಚಕ್ರ ಆಕ್ಸಲ್‌ನ ಸ್ಟಾಪರಿಗೆ ತಾಗಿ ನಿಲ್ಲುತ್ತದೆ, ಸರ್ವೊ ಮಾತ್ರ ಇನ್ನೂ ತಳ್ಳುತ್ತಲೇ ಇರುತ್ತದೆ. ಹೀಗೆ ಸಿಕ್ಕಿಹಾಕಿಕೊಂಡ ದೊಡ್ಡ ಸರ್ವೊ 2 ಆಂಪಿಯರಿಗೂ ಮೇಲೆ ಎಳೆಯುತ್ತದೆ. ಬಿಇಸಿ ಕೊಡೋದೇ 2. ಇಎಸ್‌ಪಿ32 ಬೋರ್ಡಿನ ಮೇಲೆ 3.3 ವೋಲ್ಟ್ ಮಾಡುವ ರೆಗ್ಯುಲೇಟರಿಗೆ ಮೇಲಿಂದ ಒಂದು ವೋಲ್ಟಿಗಿಂತ ಸ್ವಲ್ಪ ಜಾಸ್ತಿ ಬೇಕು. 6 ವೋಲ್ಟ್ ಜಾರಿ 4.4ರ ಕೆಳಗೆ ಹೋಯಿತೆಂದರೆ ಚಿಪ್‌ಗೆ ಹಸಿವು ಶುರು.

ಮೊದಲ ಮದ್ದು ವೈರಿನದಲ್ಲ, ರಿಮೋಟಿನದು. ಎಂಡ್ ಪಾಯಿಂಟ್, ಅಂದರೆ ಸರ್ವೊ ಎಷ್ಟು ತಿರುಗಬಹುದು ಅನ್ನೋ ಮಿತಿ, ಕಡಿಮೆ ಮಾಡಿ, ಚಕ್ರ ಸ್ಟಾಪರಿಗೆ ತಾಗುವ ಮುಂಚೆಯೇ ಸರ್ವೊ ನಿಲ್ಲುವ ಹಾಗೆ ಮಾಡಿದೆವು. ಇಷ್ಟಕ್ಕೇ ರೀಸೆಟ್ ಬಹುಪಾಲು ನಿಂತಿತು. ಆದರೆ ಇಷ್ಟಕ್ಕೇ ಬಿಟ್ಟರೆ ಮುಂದೊಂದು ದಿನ ಕಲ್ಲಿಗೆ ಚಕ್ರ ಸಿಕ್ಕಿದಾಗ ಮತ್ತೆ ಅದೇ ಪಾಡು.

ಹಾಗಾಗಿ ಎಸ್‌ಪಿ ರೋಡಿನಿಂದ 5 ವೋಲ್ಟ್, 3 ಆಂಪಿಯರಿನ ಒಂದು ಯುಬಿಇಸಿ (ಇಎಸ್‌ಸಿಯ ಹೊರಗೆ ಬೇರೆಯಾಗಿಯೇ ಇರುವ ಬಿಇಸಿ) ತಂದು ಬ್ಯಾಟರಿಗೆ ನೇರ ಜೋಡಿಸಿದೆವು. ಇಎಸ್‌ಪಿ32, ಆಂಪ್ಲಿಫೈಯರ್, ಲೈಟು ಇದರ ಮೇಲೆ. ರಿಸೀವರ್ ಮತ್ತು ಸರ್ವೊ ಹಳೇ ಬಿಇಸಿ ಮೇಲೆ. ಎರಡರ ನಡುವೆ ಸಿಗ್ನಲ್ ವೈರ್ ಮತ್ತು ಕಪ್ಪು ವೈರ್ ಮಾತ್ರ ಹೋಗಬೇಕು. ಕೆಂಪು ಹೋಗಬಾರದು, ಹೋದರೆ ಎರಡು ಸಪ್ಲೈ ಒಂದನ್ನೊಂದು ತಳ್ಳಾಡುತ್ತವೆ. ಮೂರು ವೈರಿನ ಸರ್ವೊ ಕೇಬಲ್ ಹಾಗೇ ಚುಚ್ಚುವ ಅಭ್ಯಾಸ ಇರುವವರು ಇಲ್ಲಿ ಎಡವುತ್ತಾರೆ. ಪ್ಲಗ್ಗಿನಿಂದ ಕೆಂಪು ಪಿನ್ನನ್ನು ಸೂಜಿಯಲ್ಲಿ ಎತ್ತಿ ತೆಗೆದು, ಟೇಪ್ ಸುತ್ತಿ ಮಡಚಿಡಬೇಕು.

5 ವೋಲ್ಟ್ ಆಯ್ಕೆಗೆ ಇನ್ನೊಂದು ಕಾರಣ ಇತ್ತು. ಆಂಪ್ಲಿಫೈಯರ್ ಪಿಎಎಂ8403 ಅನ್ನೋ ಪುಟ್ಟ ಹಲಗೆ, ಎರಡು ಚಾನೆಲ್, 4 ಓಮ್ ಸ್ಪೀಕರಿಗೆ ತಲಾ 3 ವ್ಯಾಟ್. ಅದು 5.5 ವೋಲ್ಟಿನವರೆಗೆ ನಡೆಯೋ ಚಿಪ್. ಅದಕ್ಕೆ ಇಷ್ಟು ದಿನ 6 ವೋಲ್ಟ್ ಹೋಗುತ್ತಿತ್ತು. ಸುಟ್ಟುಹೋಗದೇ ಇದ್ದದ್ದು ಅದರ ಪುಣ್ಯ.

ಎರಡನೇ ಕಾಯಿಲೆ: ಕೀ ಸದ್ದು

ಇದು ಬೇಗ ಮುಗಿಯಿತು. ಇಎಸ್‌ಸಿ ಮೋಟಾರಿಗೆ ಕರೆಂಟನ್ನು ಸೆಕೆಂಡಿಗೆ ಸಾವಿರಗಟ್ಟಲೆ ಸಲ ಕಡಿದು ಕಡಿದು ಕೊಡುತ್ತದೆ. ಮೋಟಾರಿನ ಕಪ್ಪು ದಾರಿಯಲ್ಲೇ ಆಂಪ್ಲಿಫೈಯರಿನ ಕಪ್ಪು ವೈರೂ ಸೇರಿಕೊಂಡರೆ ಆ ಕಡಿತ ಸ್ಪೀಕರಿನಲ್ಲಿ ಕೇಳುತ್ತದೆ. ಎಲ್ಲ ಕಪ್ಪು ವೈರುಗಳನ್ನೂ ಬ್ಯಾಟರಿ ಪ್ಲಗ್ಗಿನ ಹತ್ತಿರ ಒಂದೇ ಜಾಗದಲ್ಲಿ ಕೂಡಿಸಿದೆವು, ಒಂದರ ಬಾಲಕ್ಕೆ ಇನ್ನೊಂದು ಕಟ್ಟಲಿಲ್ಲ. ಆಂಪ್ಲಿಫೈಯರಿನ ಬಾಗಿಲಲ್ಲೇ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದು. ಮೋಟಾರಿನ ಎರಡು ಕಾಲುಗಳ ನಡುವೆ ಒಂದು 104 (0.1 ಮೈಕ್ರೋಫ್ಯಾರಡ್) ಸೆರಾಮಿಕ್ ಕೆಪಾಸಿಟರ್, ಪ್ರತಿ ಕಾಲಿನಿಂದ ಮೋಟಾರಿನ ಕವಚಕ್ಕೆ ಒಂದೊಂದು. ಇಎಸ್‌ಪಿ32ರ ಸದ್ದು ಹೊರಡುವ 25 ಮತ್ತು 26ನೇ ಪಿನ್ನುಗಳಿಂದ ಆಂಪ್ಲಿಫೈಯರಿಗೆ ಹೋಗುವ ವೈರನ್ನು ಬೆರಳುದ್ದಕ್ಕೆ ಇಳಿಸಿದೆವು. ಅದಕ್ಕೂ ಮುಂಚೆ ಅದು ಇಡೀ ಚಾಸಿ ಸುತ್ತಿ ಬರುತ್ತಿತ್ತು.

ಪಿಎಎಂ8403 ಬಳಸುವವರಿಗೆ ಒಂದು ಮಾತು. ಅದರ ಸ್ಪೀಕರ್ ಮೈನಸ್ ಅಂದರೆ ಗ್ರೌಂಡ್ ಅಲ್ಲ. ಎರಡೂ ಕಾಲುಗಳಲ್ಲಿ ಸಿಗ್ನಲ್ ಇರುತ್ತದೆ. ‘ಕಪ್ಪು ತಾನೇ’ ಅಂತ ಚಾಸಿಗೆ ಜೋಡಿಸಿದರೆ, ಇಲ್ಲವೇ ಎರಡು ಚಾನೆಲ್ಲಿನ ಮೈನಸ್ಸುಗಳನ್ನು ಕೂಡಿಸಿದರೆ, ಚಿಪ್ ಹೋಗುತ್ತದೆ.

ಮೂರನೇ ಕಾಯಿಲೆ: ತೂಕವಿಲ್ಲದ ಸದ್ದು

ಅಸಲು ಕೆಲಸ ಇದ್ದದ್ದು ಇಲ್ಲಿ.

ಲೆಕ್ಕ ಹಾಕಿ ನೋಡಿ. ಆರು ಸಿಲಿಂಡರಿನ ನಾಲ್ಕು ಸ್ಟ್ರೋಕ್ ಇಂಜಿನ್ ಒಂದು ಸುತ್ತಿಗೆ ಮೂರು ಸಲ ಸಿಡಿಯುತ್ತದೆ. ಐಡ್ಲಿಂಗಿನಲ್ಲಿ, ಅಂದರೆ ಆಕ್ಸಲರೇಟರ್ ಒತ್ತದೆ ಬಿಟ್ಟಾಗ, ನಿಮಿಷಕ್ಕೆ 600 ಸುತ್ತು ಅಂದುಕೊಂಡರೆ ಸೆಕೆಂಡಿಗೆ ಹತ್ತು ಸುತ್ತು, ಮೂವತ್ತು ಸಿಡಿತ. ಅಂದರೆ 30 ಹರ್ಟ್ಜ್. ಎದೆಗೆ ಬಂದು ತಾಗೋದು ಆ ಸದ್ದು. ಹುಡುಗ ಕೂರಿಸಿದ್ದ 40 ಮಿ.ಮೀ. ಸ್ಪೀಕರ್ ಮುನ್ನೂರು ಹರ್ಟ್ಜ್‌ಗಿಂತ ಕೆಳಗೆ ಇಳಿದರೆ ಸುಸ್ತಾಗುತ್ತದೆ. 30 ಹರ್ಟ್ಜ್ ಅನ್ನೋದು ಅದರ ಕನಸಿನಲ್ಲೂ ಇಲ್ಲ. ಎಷ್ಟು ದುಡ್ಡಿನ ಸೌಂಡ್ ಬೋರ್ಡ್ ತಂದರೂ ಇದು ಬದಲಾಗಲ್ಲ.

ಹಾಗಾದರೆ ಸಣ್ಣ ಲಾರಿಯಲ್ಲಿ ದಪ್ಪ ಸದ್ದು ಸಾಧ್ಯವೇ ಇಲ್ವಾ? ನಿಜವಾದ 30 ಹರ್ಟ್ಜ್ ಸಾಧ್ಯವಿಲ್ಲ. ಆದರೆ ಕಿವಿಗೆ ಒಂದು ಗುಣ ಇದೆ. 30ರ ಜೊತೆ ಅದರ ಮಗ್ಗಿಯೂ ಇಂಜಿನ್ನಿನಿಂದ ಬರುತ್ತದೆ: 60, 90, 120, 150, 180, ಹೀಗೆ. ಮೇಲಿನವು ಸರಿಯಾಗಿ ಕೇಳಿದರೆ, ಕೆಳಗಿನ 30 ಇಲ್ಲದಿದ್ದರೂ ತಲೆ ಅದನ್ನು ತಾನೇ ತುಂಬಿಕೊಳ್ಳುತ್ತದೆ. ಫೋನಿನಲ್ಲಿ ಗಂಡಸಿನ ದಪ್ಪ ದನಿ ದಪ್ಪವಾಗೇ ಕೇಳೋದು ಇದರಿಂದಲೇ. ಹಾಗಾಗಿ ನಮಗೆ ಬೇಕಿದ್ದದ್ದು 150ರಿಂದ 300ರ ನಡುವಿನ ಭಾಗ ಗಟ್ಟಿಯಾಗಿ ಬರೋದು.

ಅದಕ್ಕೆ ಸ್ಪೀಕರಿನ ಹಿಂದೆ ಮುಚ್ಚಿದ ಡಬ್ಬಿ ಬೇಕು. ಬರಿಯ ಸ್ಪೀಕರ್ ಮುಂದಕ್ಕೆ ತಳ್ಳಿದಾಗ ಹಿಂದಿನ ಗಾಳಿ ಸಡಿಲವಾಗುತ್ತದೆ. ಆ ಎರಡೂ ಅಂಚು ಸುತ್ತಿ ಬಂದು ಒಂದನ್ನೊಂದು ಅಳಿಸಿಹಾಕುತ್ತವೆ. ದಪ್ಪ ಸದ್ದಿಗೆ ಈ ಕಾಟ ಜಾಸ್ತಿ. ಡಬ್ಬಿಯಲ್ಲಿ ಮುಚ್ಚಿದರೆ ಹಿಂದಿನದು ಒಳಗೇ ಉಳಿಯುತ್ತದೆ. ಆದರೆ ಡಬ್ಬಿ ತೀರಾ ಸಣ್ಣದಾದರೆ ಒಳಗಿನ ಗಾಳಿಯೇ ಬಿಗಿ ಸ್ಪ್ರಿಂಗಾಗಿ ಕೋನನ್ನು ಅಲುಗಾಡಲು ಬಿಡಲ್ಲ.

ಹುಡುಗನ ಸ್ಪೀಕರ್ ಇದ್ದದ್ದು ಡೀಸೆಲ್ ಟ್ಯಾಂಕಿನಲ್ಲಿ. ಈ ಹವ್ಯಾಸದಲ್ಲಿ ಅದು ಎಲ್ಲರೂ ಮಾಡುವ ಉಪಾಯ. ಯುರೋಪಿನ ದೊಡ್ಡ ಟ್ರಾಕ್ಟರ್ ಲಾರಿಗಳಿಗೆ ಟ್ಯಾಂಕ್ ದೊಡ್ಡದಿರುತ್ತದೆ, ನಡೆಯುತ್ತದೆ. 1210ಕ್ಕೆ? 160 ಲೀಟರಿನ ಟ್ಯಾಂಕ್ ಅಂದುಕೊಳ್ಳೋಣ. ಉದ್ದ, ಅಗಲ, ಎತ್ತರ ಮೂರೂ ಹದಿನಾಲ್ಕರಲ್ಲಿ ಒಂದು ಪಾಲಾಗುತ್ತವೆ. 14ನ್ನು ಮೂರು ಸಲ ಗುಣಿಸಿದರೆ 2,744. 160 ಲೀಟರನ್ನು ಅದರಿಂದ ಭಾಗಿಸಿದರೆ 58 ಮಿಲಿಲೀಟರ್. ಕೆಮ್ಮಿನ ಔಷಧಿ ಬಾಟಲಿಯಲ್ಲೂ ಅದಕ್ಕಿಂತ ಜಾಸ್ತಿ ಜಾಗ ಇರುತ್ತದೆ. ಅಳತೆಗೆ ನಿಷ್ಠೆಯಾಗಿದ್ದಷ್ಟೂ ಸದ್ದಿಗೆ ಜಾಗ ಇಲ್ಲ. ಈ ಮೂರು ಸಲದ ಗುಣಾಕಾರವನ್ನು ಲಾರಿ ಕಟ್ಟುವ ಮುಂಚೆ ಒಮ್ಮೆ ಮಾಡಿಕೊಂಡರೆ ಎಷ್ಟೋ ತಲೆನೋವು ತಪ್ಪುತ್ತದೆ. ಕ್ಯಾಬಿನ್ ಪೇಂಟ್ ಆದಮೇಲೆ ‘ಸ್ಪೀಕರ್ ಎಲ್ಲಿಡೋದು’ ಅಂತ ಕೇಳಿದರೆ ಯಾರ ಹತ್ತಿರವೂ ಉತ್ತರ ಇರಲ್ಲ.

ಜಾಗ ಇದ್ದದ್ದು ಬಾಡಿಯಲ್ಲಿ. 17 ಅಡಿ ಉದ್ದ, 7 ಅಡಿ ಅಗಲದ ಬಾಡಿ 1:14ರಲ್ಲಿ 37 ಸೆಂ.ಮೀ., 15 ಸೆಂ.ಮೀ. ಆಗುತ್ತದೆ. ತಳದಿಂದ 4 ಸೆಂ.ಮೀ. ಎತ್ತರಕ್ಕೆ ಒಂದು ಸುಳ್ಳು ತಳ ಹಾಕಿದರೆ ಎರಡು ಲೀಟರಿನಷ್ಟು ಗಾಳಿ. ಅಷ್ಟು ಬೇಕಿಲ್ಲ. ಪ್ಲೈವುಡ್‌ನಲ್ಲಿ ಸುಮಾರು 400 ಮಿಲಿಲೀಟರಿನ ಪೆಟ್ಟಿಗೆ ಮಾಡಿ, 57 ಮಿ.ಮೀ.ಯ 4 ಓಮ್ ಸ್ಪೀಕರನ್ನು ಕೆಳಮುಖವಾಗಿ ಕೂರಿಸಿದೆವು. ಮೂಲೆಗಳಿಗೆ ಫೆವಿಕಾಲ್, ವೈರ್ ಹೊರಬರುವ ತೂತಿಗೆ ಎಂ-ಸೀಲ್, ಸ್ಪೀಕರ್ ಅಂಚಿಗೆ ಫೋಮ್ ಪಟ್ಟಿ. ಸೂಜಿಯಷ್ಟು ಸಂದಿ ಉಳಿದರೂ ಪುಸ್ ಅಂತ ಗಾಳಿ ಹೊಡೆಯುತ್ತದೆ. ಒಳಗೆ ಹಳೇ ದಿಂಬಿನ ಹತ್ತಿ ಸಡಿಲವಾಗಿ ತುಂಬಿದೆವು. ಮಿಕ್ಕ ಜಾಗದಲ್ಲಿ ಬ್ಯಾಟರಿ, ಬೋರ್ಡು. ರಿಸೀವರಿನ ಎರಡು ಆಂಟೆನಾ ತುದಿಗಳನ್ನು ಅಲ್ಯುಮಿನಿಯಂ ಚಾಸಿಯಿಂದ ದೂರ, ಮರದ ಪಕ್ಕದ ಹಲಗೆಗಳಿಗೆ ಅಂಟಿಸಿದೆವು, ಒಂದು ಅಡ್ಡ, ಒಂದು ನೇರ.

ಮೇಲೆ ಮೆಕ್ಕೆಜೋಳದ ಮೂಟೆ. ಅತ್ತೆ ಗೋಣಿ ಬಟ್ಟೆಯಲ್ಲಿ ಬೆರಳುದ್ದದ ಮೂಟೆಗಳನ್ನು ಹೊಲಿದುಕೊಟ್ಟರು. ದಾವಣಗೆರೆ ಲಾರಿ ಅಂದಮೇಲೆ ಅದಲ್ಲದೆ ಬೇರೇನು ಹೇರುತ್ತಾರೆ? ಮೂಟೆ ಎತ್ತಿದರೆ ಸುಳ್ಳು ತಳ, ಅದನ್ನೆತ್ತಿದರೆ ಎಲ್ಲ ವೈರಿಂಗ್. ರಿಪೇರಿಗೆ ಸ್ಕ್ರೂಡ್ರೈವರ್ ಕೂಡ ಬೇಡ.

ಸದ್ದು ದಪ್ಪವಾಯಿತು. ಹೊಸ ತಕರಾರು ಬಂತು. ಮಾವ ಬಗ್ಗಿ ಕಿವಿ ಕೊಟ್ಟು ಹೇಳಿದರು: ‘ಇಂಜಿನ್ ಡಾಲಾದಾಗೆ ಕುಂತೈತಲ್ಲೋ.’

ಡಾಲಾ ಅಂದರೆ ಹಿಂದಿನ ಬಾಡಿ. ನಿಜ. ದಪ್ಪ ಸದ್ದು ಎಲ್ಲಿಂದ ಬರುತ್ತದೆ ಅಂತ ಕಿವಿಗೆ ಗೊತ್ತಾಗೋದು ಕಷ್ಟ, ಆದರೆ ಡೀಸೆಲಿನ ಟಕಟಕ ಗೊತ್ತಾಗುತ್ತದೆ. ಆ ಟಕಟಕ ಮೂತಿಯಿಂದಲೇ ಬರಬೇಕು. ಪಿಎಎಂ8403ರಲ್ಲಿ ಇನ್ನೊಂದು ಚಾನೆಲ್ ಖಾಲಿ ಇತ್ತಲ್ಲ. ಹುಡುಗ ಹಾಕಿದ್ದ ಅದೇ 40 ಮಿ.ಮೀ. ಸ್ಪೀಕರನ್ನು ಟ್ಯಾಂಕಿನಿಂದ ತೆಗೆದು ಬಾನೆಟ್ ಒಳಗೆ, ಗ್ರಿಲ್ ಹಿಂದೆ ಕೂರಿಸಿದೆವು. ಅದಕ್ಕೆ ಸಾಲಾಗಿ 47 ಮೈಕ್ರೋಫ್ಯಾರಡಿನ ನಾನ್‌ಪೋಲಾರ್ ಕೆಪಾಸಿಟರ್. 4 ಓಮ್ ಸ್ಪೀಕರಿಗೆ ಇದು ಸುಮಾರು 850 ಹರ್ಟ್ಜ್‌ಗಿಂತ ಕೆಳಗಿನದನ್ನು ತಡೆಯುತ್ತದೆ. ದಪ್ಪ ಸದ್ದು ಹಿಂದಿನ ಪೆಟ್ಟಿಗೆಯಿಂದ, ಟಕಟಕ ಮುಂದಿನಿಂದ. ಎರಡು ಹೆಜ್ಜೆ ದೂರ ನಿಂತರೆ ಇಡೀ ಸದ್ದು ಮೂತಿಯಿಂದಲೇ ಬಂದಂತೆ ಕೇಳುತ್ತದೆ. ಗಟ್ಟಿ ನೆಲದ ಮೇಲೆ ಚೆನ್ನ. ಕಾರ್ಪೆಟ್ ಮೇಲೆ ಓಡಿಸಿದರೆ ಕೆಳಮುಖದ ಸ್ಪೀಕರ್ ಮಂಕಾಗುತ್ತದೆ, ಅದಕ್ಕೆ ಮದ್ದಿಲ್ಲ.

697ನ್ನು ಹಿಡಿದು ತಂದದ್ದು

ಹುಡುಗ ಹಾಕಿದ್ದು ಯಾವುದೋ ಯುರೋಪಿನ ಲಾರಿಯ ರೆಕಾರ್ಡಿಂಗ್, ಟರ್ಬೊ ಶಿಳ್ಳೆ ಸಮೇತ. ಮಾವನಿಗೆ ಮೊದಲ ದಿನದಿಂದಲೂ ಅದು ಕಿರಿಕಿರಿ. ಸೆಟ್ಟಿಂಗಿನಲ್ಲಿ ಟರ್ಬೊ, ಅದರದೇ ಭಾಗವಾದ ವೇಸ್ಟ್‌ಗೇಟ್, ಎರಡರ ಸದ್ದನ್ನೂ ಸೊನ್ನೆಗೆ ಇಳಿಸಿದೆವು. ಆಮೇಲೆ ನಿಜವಾದ ಸದ್ದು ತರೋಕೆ ಹೊರಟೆವು. ಪರಿಚಯದವರ ಇಟ್ಟಿಗೆ ಭಟ್ಟಿಯಲ್ಲಿ ಮಣ್ಣು ಹೊರುವ ಒಂದು ಹಳೇ 1210 ಇನ್ನೂ ಜೀವ ಇಟ್ಟುಕೊಂಡಿತ್ತು. ಬೆಳಗಿನ ಜಾವ, ಕೆಲಸದವರು ಬರುವ ಮುಂಚೆ ಹೋಗಿ ರೆಕಾರ್ಡ್ ಮಾಡಿದೆವು.

ಫೋನಿನಲ್ಲೇ ಮಾಡಬಹುದು, ಆದರೆ ವಾಯ್ಸ್ ರೆಕಾರ್ಡರ್ ಬೇಡ. ಅದು ಜೋರು ಸದ್ದನ್ನು ತಾನೇ ತಗ್ಗಿಸಿ, ಸಣ್ಣದನ್ನು ಏರಿಸಿ ಎಲ್ಲವನ್ನೂ ಸಮ ಮಾಡುತ್ತದೆ. ತಾನಾಗಿ ಏರಿಳಿಸದ, ವೇವ್ ಫೈಲ್ ಉಳಿಸುವ ಆಪ್ ಬೇಕು. ಸೈಲೆನ್ಸರ್ ಪಕ್ಕ ಒಂದು, ಬಾನೆಟ್ ಪಕ್ಕ ಒಂದು ಫೋನ್ ಇಟ್ಟೆವು. ಮಾವನೇ ಸೀಟಿನಲ್ಲಿ ಕೂತು ಸೆಲ್ಫ್ ಹೊಡೆದು, ಐಡ್ಲಿಂಗಿಗೆ ಬಿಟ್ಟು, ಆಕ್ಸಲರೇಟರನ್ನು ಒಂದೇ ಮಟ್ಟದಲ್ಲಿ ಹಿಡಿದುಕೊಟ್ಟರು. ಆ ಹಿಡಿತ ಬೇರೆಯವರಿಗೆ ಬರುತ್ತಿರಲಿಲ್ಲ.

ಕತ್ತರಿಸುವುದರಲ್ಲಿ ಒಂದು ಗುಟ್ಟಿದೆ. ಐಡ್ಲಿಂಗ್ ಸದ್ದನ್ನು ಚಿಪ್ ಸುತ್ತಿ ಸುತ್ತಿ ನುಡಿಸುತ್ತದೆ. ಕೊನೆ ಮತ್ತು ಮೊದಲು ಸರಿಯಾಗಿ ಕೂಡದಿದ್ದರೆ ಪ್ರತಿ ಸುತ್ತಿಗೂ ಟಿಕ್ ಅನ್ನುತ್ತದೆ. ಅಲೆ ಸೊನ್ನೆ ದಾಟುವಲ್ಲಿ ಕತ್ತರಿಸಿದರೆ ಟಿಕ್ ಹೋಗುತ್ತದೆ, ಅಷ್ಟೇ ಸಾಲದು. ನಾಲ್ಕು ಸ್ಟ್ರೋಕ್ ಇಂಜಿನ್ನಿಗೆ ಒಂದು ಪೂರ್ತಿ ಚಕ್ರ ಅಂದರೆ ಎರಡು ಸುತ್ತು, ಆರು ಸಿಡಿತ. 600 ಸುತ್ತಿನಲ್ಲಿ ಅದು 0.2 ಸೆಕೆಂಡ್. ಹಳೇ ಇಂಜಿನ್ನಿನಲ್ಲಿ ಆರೂ ಸಿಲಿಂಡರಿನ ಸದ್ದು ಒಂದೇ ಥರ ಇರಲ್ಲ, ಒಂದು ಸ್ವಲ್ಪ ಜೋರು, ಒಂದು ಮೆತ್ತಗೆ. ಚಕ್ರದ ಮಧ್ಯದಲ್ಲಿ ಕತ್ತರಿಸಿದರೆ ಇಂಜಿನ್ ಕುಂಟುತ್ತದೆ. ಹಾಗಾಗಿ ಆಡಾಸಿಟಿ ಅನ್ನೋ ಸದ್ದು ಕತ್ತರಿಸುವ ಸಾಫ್ಟ್‌ವೇರಿನಲ್ಲಿ ಅಲೆ ದೊಡ್ಡದು ಮಾಡಿ, ಜೋರು ಸಿಡಿತವನ್ನು ಗುರುತಿಟ್ಟುಕೊಂಡು, ಅಲ್ಲಿಂದ ಮತ್ತೆ ಅದೇ ಸಿಡಿತದವರೆಗೆ ಎಣಿಸಿ ಕತ್ತರಿಸಿದೆವು.

ಫೈಲು 8 ಬಿಟ್, ಮೋನೊ, 22,050 ಹರ್ಟ್ಜ್. ಒಂದು ಸೆಕೆಂಡಿಗೆ 22 ಕಿಲೋಬೈಟ್ ಮಾತ್ರ. 4 ಮೆಗಾಬೈಟ್ ಫ್ಲ್ಯಾಶ್ ಇರುವ ಬೋರ್ಡಿಗೆ ಇದು ಭಾರವಲ್ಲ, ಕಂಪೈಲ್ ಮಾಡುವಾಗ ಪ್ರೋಗ್ರಾಮಿಗೆ ಜಾಸ್ತಿ ಜಾಗ ಕೊಡುವ ಪಾರ್ಟಿಷನ್ ಆರಿಸಿಕೊಂಡರೆ ಸರಿ. 8 ಬಿಟ್ ಅಂದ ಕೂಡಲೇ ಮೂಗು ಮುರಿಯುವವರಿದ್ದಾರೆ. ಡೀಸೆಲ್ ಇಂಜಿನ್ನಿಗೆ ಅದು ಬೇಕಾದಷ್ಟು, ಇಲ್ಲಿ ವೀಣೆ ಕೇಳಬೇಕಿಲ್ಲವಲ್ಲ. 100 ಹರ್ಟ್ಜ್‌ಗಿಂತ ಕೆಳಗಿನದನ್ನು ಕತ್ತರಿಸಿ ಎಸೆದೆವು. ಸ್ಪೀಕರ್ ಹೇಗೂ ನುಡಿಸಲ್ಲ, ಸುಮ್ನೆ ಕೋನನ್ನು ಅಲ್ಲಾಡಿಸಿ ಆಂಪ್ಲಿಫೈಯರಿನ ಶಕ್ತಿ ತಿನ್ನುತ್ತದೆ. 150ರಿಂದ 300ರ ಭಾಗವನ್ನು ಸ್ವಲ್ಪ ಏರಿಸಿದೆವು.

ವೇಗ ಏರಿದಾಗ ಚಿಪ್ ಅದೇ ಐಡ್ಲಿಂಗ್ ತುಣುಕನ್ನು ಬೇಗ ಬೇಗ ನುಡಿಸುತ್ತದೆ. ಎರಡು ಪಟ್ಟಿನವರೆಗೆ ಪರವಾಗಿಲ್ಲ. ಅದರ ಮೇಲೆ ಕಾರ್ಟೂನ್ ದನಿ ಬರುತ್ತದೆ. ಅದಕ್ಕೆ ರೇಸ್ ಮಾಡಿದ್ದ ಇನ್ನೊಂದು ತುಣುಕನ್ನು ಮೇಲಿನ ವೇಗಕ್ಕೆ ಬೆರೆಸುವ ವ್ಯವಸ್ಥೆ ಇದೆ. ಎಲ್ಲಿಂದ ಬೆರೆಯಬೇಕು ಅನ್ನೋದನ್ನು ಕಿವಿಯಲ್ಲೇ ನೋಡಿ ಕೂರಿಸಬೇಕು, ಸೂತ್ರ ಇಲ್ಲ. ಮಾವ ತಲೆ ಆಡಿಸುವ ತನಕ ಅಂಕಿ ಬದಲಿಸುತ್ತಾ ಹೋದೆ.

ಹಾರ್ನಿನ ವಿಷಯದಲ್ಲಿ ಚರ್ಚೆಯೇ ಇರಲಿಲ್ಲ. ಹಲವು ಸ್ವರದ ಹಾರ್ನ್ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ರಸ್ತೆಯಲ್ಲಿ ಹಾಕುವಂತಿಲ್ಲ. 1:14ಕ್ಕೆ ಆರ್‌ಟಿಒ ಬರಲ್ಲ ಅನ್ನೋ ಧೈರ್ಯದಲ್ಲಿ ಹಾಕಿದ್ದೇವೆ. ರಿವರ್ಸ್ ಬೀಪ್ ಜಾಗಕ್ಕೆ ಬೀಪ್ ಹಾಕಲಿಲ್ಲ. 1210ಕ್ಕೆ ಎಲ್ಲಿಯ ಬೀಪ್? ಕ್ಲೀನರ್ ಇಳಿದು ಬಾಡಿ ತಟ್ಟುತ್ತಿದ್ದ. ಮಾವನೇ ಹಲಗೆ ಬಡಿಯುತ್ತಾ ‘ಬರ್ಲಿ, ಬರ್ಲಿ, ಬರ್ಲಿ’ ಅಂತ ಕೂಗಿ ಕೊಟ್ಟರು. ಹಿಂದಕ್ಕೆ ಹೋದರೆ ಈಗ ಅದೇ ಸುತ್ತುತ್ತದೆ. ನಿಲ್ಲಿಸಿದಾಗ ‘ಹೋಲ್ಡಾನ್’ ಬರಬೇಕು ಅಂತ ಅವರ ಆಸೆ, ಕೋಡಿನಲ್ಲಿ ಅದಕ್ಕೆ ಜಾಗ ಮಾಡಿಕೊಟ್ಟೆ.

ಮಿಕ್ಕ ಜೋಡಣೆ

ರಿಮೋಟು ಫ್ಲೈಸ್ಕೈ ಎಫ್‌ಎಸ್-ಐ6, ಆರು ಚಾನೆಲ್. ರಿಸೀವರಿನ ಐಬಸ್ ಅನ್ನೋ ಕಿಂಡಿಯಿಂದ ಒಂದೇ ವೈರಿನಲ್ಲಿ ಎಲ್ಲ ಚಾನೆಲ್ಲೂ ಇಎಸ್‌ಪಿ32ಗೆ ಹೋಗುತ್ತವೆ. ಇದು ವಿಮಾನದ ರಿಮೋಟು, ಎಡಗಡ್ಡಿ ಮೇಲೆ ಕೆಳಗೆ ಬಿಟ್ಟಲ್ಲೇ ನಿಲ್ಲುತ್ತದೆ. ಲಾರಿಗೆ ಅದು ಅಪಾಯ, ಕೈ ಬಿಟ್ಟರೂ ಓಡುತ್ತಲೇ ಇರುತ್ತದೆ. ಆದ್ದರಿಂದ ಓಟವನ್ನು ತಾನಾಗಿ ನಡುವಿಗೆ ಬರುವ ಬಲಗಡ್ಡಿಗೆ ಕೊಟ್ಟೆವು. ಮೂರು ಹಂತದ ಸ್ವಿಚ್ಚಿಗೆ ಗೇರು, ಎಡಗಡ್ಡಿಯ ಅಡ್ಡಕ್ಕೆ ಹಾರ್ನು.

ಈ ಯೋಜನೆಯಲ್ಲಿ ಮೋಟಾರಿನ ಸಿಗ್ನಲ್ಲೂ ಸೌಂಡ್ ಚಿಪ್ ಮೂಲಕವೇ ಇಎಸ್‌ಸಿಗೆ ಹೋಗುತ್ತದೆ. ಅದರಿಂದಲೇ ಲಾರಿಗೆ ಭಾರ ಬರೋದು: ಗಡ್ಡಿ ತಳ್ಳಿದರೆ ಮೊದಲು ಇಂಜಿನ್ ಗುಡುಗುತ್ತದೆ, ಆಮೇಲೆ ಗಾಡಿ ಅಲುಗುತ್ತದೆ. ಹಾಗಾಗಿಯೇ ಚಿಪ್ ಹ್ಯಾಂಗ್ ಆದರೆ ಅಥವಾ ಸಿಗ್ನಲ್ ತಪ್ಪಿದರೆ ಏನಾಗುತ್ತದೆ ಅಂತ ನೋಡಿಕೊಳ್ಳಲೇಬೇಕು. ಚಕ್ರ ಮೇಲೆತ್ತಿ ಓಡಿಸುತ್ತಾ ರಿಮೋಟ್ ಆಫ್ ಮಾಡಿದೆವು, ಮೋಟಾರು ನಿಂತಿತು. ಇದನ್ನು ಮಾಡದೆ ಮಕ್ಕಳಿರುವ ಮನೆಯಲ್ಲಿ ಐದು ಕಿಲೋ ಗಾಡಿ ನೆಲಕ್ಕೆ ಬಿಡಬಾರದು.

ಲೈಟಿಗೆ ಹಳದಿ ಛಾಯೆಯ ಎಲ್‌ಇಡಿ. ಬಿಳಿ ಹಾಕಿದರೆ ಹಳೇ ಲಾರಿ ಅನಿಸಲ್ಲ. ಹೆಡ್‌ಲೈಟಿನ ಮೇಲಿನ ಅರ್ಧಕ್ಕೆ ಕಪ್ಪು ಬಣ್ಣ, ಆ ಕಾಲದಲ್ಲಿ ಇದ್ದ ಹಾಗೇ. ಇಎಸ್‌ಪಿ32ರ ಪಿನ್ನು 3.3 ವೋಲ್ಟಿನದು, ಇಂಥ ಎಲ್‌ಇಡಿಗೇ 3 ವೋಲ್ಟ್ ಬೇಕು, ಮಿಕ್ಕೋದು ಏನೂ ಇಲ್ಲ. ನಡುವೆ ಸ್ವಿಚ್ಚಿನ ಕೆಲಸ ಮಾಡುವ ಯುಎಲ್‌ಎನ್2003 ಚಿಪ್ ಇಟ್ಟು 5 ವೋಲ್ಟಿನಿಂದ ಉರಿಸಿದೆವು, ಒಂದೊಂದಕ್ಕೂ 100 ಓಮ್. ಸೆಲ್ಫ್ ಹೊಡೆಯುವಾಗ ಲೈಟು ಮಂಕಾಗುತ್ತದೆ, ಅದು ಕೋಡಿನಲ್ಲೇ ಇರುವ ಕರಾಮತ್ತು. ಕ್ಯಾಬಿನ್ ಪೂರ್ತಿ ಕಳಚಿ ಬರುವ ಹಾಗೆ ನಡುವೆ ಒಂದು ಪ್ಲಗ್.

ಕೊನೆಗೆ ಬ್ಯಾಟರಿ. ಇಎಸ್‌ಸಿಯ ಸ್ವಿಚ್ ಆಫ್ ಮಾಡಿದರೆ ಮೋಟಾರು ನಿಲ್ಲುತ್ತದೆ, ಆದರೆ ಹೊಸ ಯುಬಿಇಸಿ ಬ್ಯಾಟರಿಗೆ ನೇರ ಕೂತಿದೆ. ಅದು ರಾತ್ರಿಯಿಡೀ ಕುಡಿಯುತ್ತಲೇ ಇರುತ್ತದೆ. ಲೈಪೊ ಸೆಲ್ 3 ವೋಲ್ಟಿಗಿಂತ ಕೆಳಗೆ ಹೋದರೆ ಹಾಳಾದಂತೆ. ಹಾಗಾಗಿ ಎರಡನ್ನೂ ಒಟ್ಟಿಗೆ ಕಡಿಯುವ ದಪ್ಪ ಸ್ವಿಚ್ಚನ್ನು ಬ್ಯಾಟರಿ ಪ್ಲಗ್ಗಿನ ಪಕ್ಕದಲ್ಲೇ ಹಾಕಿ, ಸ್ಟೆಪ್ನಿ ಹಿಂದೆ ಮರೆ ಮಾಡಿದೆವು. ವೋಲ್ಟೇಜ್ ಇಳಿದರೆ ಕಿರುಚುವ ಅಲಾರ್ಮ್ ಕೂಡ ಇದೆ. ಅದರ ಸದ್ದು ಮಾತ್ರ ಮಾವನಿಗೆ ಇಷ್ಟವಿಲ್ಲ.

ಬಾಕಿ ಇರೋದು ಫಸ್ಟ್ ಗೇರಿನ ಗುಂಯ್ ಸದ್ದು. ರೆಕಾರ್ಡ್ ಮಾಡಿಟ್ಟಿದ್ದೇವೆ, ಹಾಕಿಯೂ ನೋಡಿದೆವು. ಆದರೆ ಚಿಪ್ ಅದನ್ನು ಇಂಜಿನ್ ವೇಗಕ್ಕೆ ಕಟ್ಟುತ್ತದೆ, ಬರಬೇಕಿರೋದು ಚಕ್ರದ ವೇಗಕ್ಕೆ. ಕ್ಲಚ್ ಒತ್ತಿ ಉರುಳುವಾಗ ಅದು ತಪ್ಪಾಗಿ ಕೇಳುತ್ತದೆ, ಮಾವನ ಕಿವಿಗೆ ತಕ್ಷಣ ಸಿಕ್ಕಿತು. ಪ್ರೊಪೆಲ್ಲರ್ ಶಾಫ್ಟಿಗೆ ಒಂದು ಮ್ಯಾಗ್ನೆಟ್ ಅಂಟಿಸಿ, ಪಕ್ಕದಲ್ಲಿ ಮ್ಯಾಗ್ನೆಟ್ ಹಾದುಹೋದದ್ದನ್ನು ಗುರುತಿಸುವ ಹಾಲ್ ಸೆನ್ಸರ್ ಇಟ್ಟರೆ ನಿಜವಾದ ವೇಗ ಸಿಗುತ್ತದೆ. ಎರಡನ್ನೂ ತಂದಿಟ್ಟಿದ್ದೇನೆ. ಕೋಡ್ ಬರೆಯಬೇಕು.